ಎರವಲು ನೆಲ, ಸ್ವಂತ ವಿದ್ಯೆ : ಡೆಟ್ರಾಯ್ಟ್ ನಗರದ ಕಾಯಿಪಲ್ಯದ ತೋಟಗಳ ಇತಿಹಾಸ

ಬರವೆಂದರೆ ಮಳೆ ಬಾರದಿರುವುದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮಳೆ ಬೆಳೆಗಳು ಸರಿಯಾಗಿದ್ದು, ಅಂಗಡಿಗಳಲ್ಲಿ ಧಾನ್ಯ ತುಂಬಿದ್ದರೂ ಸಹಸ್ರಾರು ಕುಟುಂಬಗಳು ಉಪವಾಸ ಬೀಳುವ ಇನ್ನೊಂದು ಬಗೆಯ ಬರವುಂಟು. ಅದು ಕೈಗೆ ಕೆಲಸವಿಲ್ಲದೆ ಬರುವ ಬರ. 1893ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಬಂದೊದಗಿದ್ದು ಇಂಥ ಬರವೇ ಆಗಿತ್ತು. ರೈಲು ಕಂಪನಿಗಳು ದಿವಾಳಿಯೆದ್ದವು, ನೂರಾರು ಬ್ಯಾಂಕುಗಳು ಬಾಗಿಲು ಮುಚ್ಚಿದವು, ಕಾರ್ಖಾನೆಗಳ ಒಲೆಗಳು ಆರಿದವು. ಆ ಸಂಕಟದ ಕಾಲದಲ್ಲಿ ಮಿಶಿಗನ್ ಪ್ರಾಂತದ ಡೆಟ್ರಾಯ್ಟ್ ನಗರದಲ್ಲಿ ನಡೆದ ಒಂದು ಪ್ರಯೋಗವನ್ನೂ, ಅದರ ಬಳ್ಳಿ ಅದೇ ನಗರದಲ್ಲಿ ನೂರಮೂವತ್ತು ವರ್ಷಗಳ ಉದ್ದಕ್ಕೂ ಹೇಗೆ ಒಣಗಿ ಮತ್ತೆ ಚಿಗುರುತ್ತ ಬಂದಿತೆಂಬುದನ್ನೂ ಸದ್ಭಕ್ತರ ಮುಂದಿಡಬೇಕೆಂದು ಈ ಲೇಖನವನ್ನು ಕೈಗೆತ್ತಿಕೊಂಡಿದ್ದೇವೆ.

ಡೆಟ್ರಾಯ್ಟ್ ಎಂದೊಡನೆ ಮೋಟಾರು ಕಾರುಗಳ ನೆನಪಾಗುವುದು ಸಹಜ. ಆದರೆ ನಾವು ಹೇಳುತ್ತಿರುವ ಕಾಲಕ್ಕೆ ಅಲ್ಲಿ ಮೋಟಾರಿನ ಸುಳಿವೇ ಇರಲಿಲ್ಲ. ಕೆನಡಾ ದೇಶದ ಎದುರು ದಂಡೆಯಲ್ಲಿ, ನದಿಯ ತಟದಲ್ಲಿದ್ದ ಆ ಊರು ಅಡಿಗೆಯ ಒಲೆ, ರೈಲಿನ ಡಬ್ಬಿ, ಪಾದರಕ್ಷೆ ಮುಂತಾದವುಗಳನ್ನು ತಯಾರಿಸುತ್ತಿತ್ತು. 1890ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಎರಡು ಲಕ್ಷದ ಮೇಲೆ ಚಿಲ್ಲರೆ. ಇವರಲ್ಲಿ ದೊಡ್ಡದೊಂದು ಭಾಗ ಪೋಲೆಂಡ್ ಮತ್ತು ಜರ್ಮನಿಗಳಿಂದ ವಲಸೆ ಬಂದ ಕೂಲಿಕಾರರು. ತಾಯ್ನಾಡಿನಲ್ಲಿ ಅನೇಕರು ಒಕ್ಕಲುಮಕ್ಕಳೇ ಆಗಿದ್ದವರು. ಇಲ್ಲಿ ಅವರ ಕೈಗೆ ಗುದ್ದಲಿಯ ಬದಲು ಕಾರ್ಖಾನೆಯ ಸುತ್ತಿಗೆ ಬಂದಿತ್ತು. ಕಾರ್ಖಾನೆ ನಿಂತಾಗ ಆ ಸುತ್ತಿಗೆಯೂ ಕೈಬಿಟ್ಟಿತು. 1894ರ ಏಪ್ರಿಲ್‌ನಲ್ಲಿ ನೀರು ಸರಬರಾಜಿಗಾಗಿ ನೆಲ ಅಗೆಯುತ್ತಿದ್ದ ಕೂಲಿಕಾರರಿಗೂ ಅಧಿಕಾರಿಗಳಿಗೂ ಕೂಲಿಯ ದರದ ವಿಷಯವಾಗಿ ಘರ್ಷಣೆಯಾಗಿ ಪ್ರಾಣಹಾನಿಯೂ ಸಂಭವಿಸಿತು.

ಆಗ ನಗರದ ಮೇಯರ್ ಆಗಿದ್ದವನು ಹೇಜನ್ ಪಿಂಗ್ರಿ. ಈತನ ಪೂರ್ವವೃತ್ತಾಂತ ತಿಳಿಯತಕ್ಕದ್ದು. 1840ರಲ್ಲಿ ಮೇನ್ ಪ್ರಾಂತದ ಬಡಕುಟುಂಬವೊಂದರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಪಾದರಕ್ಷೆಯ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವ ಕಾಯಕಕ್ಕೆ ನಿಂತವನು. ಅಮೆರಿಕೆಯ ಅಂತರ್ಯುದ್ಧದಲ್ಲಿ ಸಿಪಾಯಿಯಾಗಿ ಹೋರಾಡಿ, ವೈರಿಗಳ ಕೈಗೆ ಸಿಕ್ಕು, ಘೋರವೆಂದು ಹೆಸರಾದ ಆಂಡರ್ಸನ್‌ವಿಲ್ ಸೆರೆಮನೆಯನ್ನು ಕಂಡುಬಂದವನು. ಯುದ್ಧ ಮುಗಿದ ಮೇಲೆ ಡೆಟ್ರಾಯ್ಟಿಗೆ ಬಂದು 1866ರಲ್ಲಿ ಪಾಲುದಾರನೊಬ್ಬನೊಡನೆ ಸ್ವಂತ ಪಾದರಕ್ಷೆಯ ಕಾರ್ಖಾನೆ ತೆರೆದು ಶ್ರೀಮಂತನಾದನು. 1889ರಲ್ಲಿ ಚುನಾಯಿತನಾಗಿ 1890ರಿಂದ ಮೇಯರ್ ಪದವಿಯಲ್ಲಿದ್ದನು. ಊರಿನ ಧನಿಕರು ತಮ್ಮವನೆಂದು ನಂಬಿ ಈತನನ್ನು ಆರಿಸಿ ತಂದರು. ಆಮೇಲೆ ಟ್ರಾಮ್ ಕಂಪನಿ, ಗ್ಯಾಸ್ ಕಂಪನಿಗಳ ದರಗಳ ವಿರುದ್ಧ ಈತ ನಿಂತಾಗ ಅವರಿಗೆ ತಮ್ಮ ತಪ್ಪಿನ ಅರಿವಾಯಿತು.

ನಗರದ ಬಡವರ ನಿಧಿ ಬರಿದಾಗುತ್ತಿದ್ದುದನ್ನು ಕಂಡ ಪಿಂಗ್ರಿಗೆ ಊರಿನ ಅಂಚಿನ ಖಾಲಿ ನೆಲಗಳು ಕಣ್ಣಿಗೆ ಬಿದ್ದವು. ಮುಂದೆ ಬೆಲೆ ಏರಲೆಂದು ಧನಿಕರು ಕೊಂಡು ಕಳೆ ಬೆಳೆಯಲು ಬಿಟ್ಟಿದ್ದ ನೆಲವದು. ಆ ನೆಲವನ್ನು ಬಿತ್ತನೆಯ ಕಾಲಕ್ಕೆ ಬಿಟ್ಟುಕೊಟ್ಟರೆ ಕೆಲಸವಿಲ್ಲದವರು ಆಲೂಗಡ್ಡೆ, ಹುರುಳಿಕಾಯಿ, ಟರ್ನಿಪ್ ಗೆಡ್ಡೆಗಳನ್ನು ಬೆಳೆದುಕೊಳ್ಳಬಹುದೆಂದು ಸೂಚಿಸಿದನು. ಊರೆಲ್ಲ ನಕ್ಕಿತು. ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದವು, 'ಆಲೂಗಡ್ಡೆ ಪಿಂಗ್ರಿ' ಎಂಬ ಅಡ್ಡಹೆಸರೂ ಬಂದಿತು. ಬಡವರು ಸೋಮಾರಿಗಳು, ಅವರೆಲ್ಲಿ ಅಗೆದಾರು ಎಂಬುದು ಹಲವರ ವಾದ. ಬೀಜ, ಉಳುಮೆ, ಸಲಕರಣೆಗಳಿಗೆಂದು ಚರ್ಚುಗಳಲ್ಲಿ ವಂತಿಗೆ ಎತ್ತಲು ಕೇಳಿಕೊಂಡಾಗ ಬಂದದ್ದು 13 ಡಾಲರು 80 ಸೆಂಟು ಮಾತ್ರವೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆಗ ಪಿಂಗ್ರಿ ತಾನು ಅಕ್ಕರೆಯಿಂದ ಸಾಕಿದ್ದ ಜಾತಿಕುದುರೆಯನ್ನು ಹರಾಜಿಗಿಟ್ಟು ಆ ಹಣವನ್ನು ಈ ಕಾರ್ಯಕ್ಕೆ ಕೊಟ್ಟನು. ಕುದುರೆಗೆ ಬಂದ ಬೆಲೆ ಕಡಿಮೆಯೇ ಇರಲಿ, ಆ ಹರಾಜಿನ ಸುದ್ದಿ ಮಾಡಿದ ಕೆಲಸ ದೊಡ್ಡದು.

ಕಾರ್ಯದ ಉಸ್ತುವಾರಿಯನ್ನು ಸೈನ್ಯದ ಅಧಿಕಾರಿ ಕ್ಯಾಪ್ಟನ್ ಕಾರ್ನೀಲಿಯಸ್ ಗಾರ್ಡನರ್ ಎಂಬುವನು ವಹಿಸಿದನು. ಆ ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ ತೋಟಿಗನೆಂದೇ ಅರ್ಥವೆಂಬುದು ಕಾಕತಾಳೀಯ. ಒಂದೊಂದು ಕುಟುಂಬಕ್ಕೆ ಕಾಲು ಎಕರೆಯಿಂದ ಅರ್ಧ ಎಕರೆಯವರೆಗೆ, ಎಂದರೆ ನಮ್ಮ ಲೆಕ್ಕದಲ್ಲಿ ಹತ್ತರಿಂದ ಇಪ್ಪತ್ತು ಗುಂಟೆ, ನೆಲ ಹಂಚಲಾಯಿತು. ಬಿತ್ತುವ, ಮಣ್ಣೇರಿಸುವ, ಕೀಳುವ ಕ್ರಮಗಳನ್ನು ಮೂರು ಭಾಷೆಗಳಲ್ಲಿ ಅಚ್ಚು ಹಾಕಿಸಿ ಹಂಚಿದರು. ಈ ಸಣ್ಣ ಸಂಗತಿ ನಮಗೆ ಬಹು ಮುಖ್ಯವಾಗಿ ಕಂಡಿದೆ. ನೆಲ ಕೊಡುವವರು ಎಷ್ಟೋ ಮಂದಿ ಸಿಕ್ಕಾರು. ಕೊಡುವ ನೆಲದಲ್ಲಿ ಮಾಡುವುದೇನೆಂಬುದನ್ನು ಪಡೆಯುವವನ ಮನೆಮಾತಿನಲ್ಲಿ ಹೇಳುವಷ್ಟು ತಾಳ್ಮೆಯುಳ್ಳವರು ಅಪರೂಪ.

ಮೊದಲ ವರ್ಷ ಮೂರು ಸಾವಿರದಷ್ಟು ಅರ್ಜಿಗಳು ಬಂದವು. ಸೋಮಾರಿತನದ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ. ದೊರೆತ 430 ಎಕರೆಗಳಲ್ಲಿ 945 ಕುಟುಂಬಗಳಿಗೆ ಮಾತ್ರ ನೆಲ ಕೊಡಲು ಸಾಧ್ಯವಾಯಿತು. ಕೆಲಸ ತಡವಾಗಿ ಆರಂಭವಾಗಿತ್ತು. ಅಷ್ಟಾದರೂ ಸುಮಾರು 3,600 ಡಾಲರಿನ ಖರ್ಚಿಗೆ 12ರಿಂದ 14 ಸಾವಿರ ಡಾಲರು ಬೆಲೆಯ ಫಸಲು ಮನೆ ಸೇರಿತು. 1895ರಲ್ಲಿ 1,546 ಕುಟುಂಬಗಳು, 1896ರಲ್ಲಿ 1,701 ಕುಟುಂಬಗಳು ಬಿತ್ತಿದವು. ನ್ಯೂಯಾರ್ಕ್, ಬಾಸ್ಟನ್, ಬಫೆಲೊ ಮೊದಲಾದ ನಗರಗಳು ಡೆಟ್ರಾಯ್ಟನ್ನು ನೋಡಿ ತಾವೂ ತೊಡಗಿದವು. ಫಿಲಡೆಲ್ಫಿಯಾದಲ್ಲಿ 1897ರಲ್ಲಿ ಇದಕ್ಕೆಂದೇ ಒಂದು ಸಂಘ ಸ್ಥಾಪನೆಗೊಂಡು ದಶಕಗಳ ಕಾಲ ನಡೆಯಿತು.

ಡೆಟ್ರಾಯ್ಟಿನಲ್ಲಿ ಮಾತ್ರ ಅಷ್ಟು ಕಾಲ ಬಾಳಲಿಲ್ಲ. ನೆಲ ಕೊಟ್ಟವರು ಎರವಲು ಕೊಟ್ಟಿದ್ದರು. ಶತಮಾನದ ಅಂತ್ಯಕ್ಕೆ ವ್ಯಾಪಾರ ಚೇತರಿಸಿಕೊಂಡಿತು, ನೆಲದ ಬೆಲೆ ಏರಿತು, ಒಡೆಯರು ನೆಲವನ್ನು ಮರಳಿ ತೆಗೆದುಕೊಂಡರು. ಪಿಂಗ್ರಿ 1897ರಲ್ಲಿ ಮಿಶಿಗನ್ ಪ್ರಾಂತದ ಗವರ್ನರ್ ಆಗಿ ನಗರದ ಆಡಳಿತದಿಂದ ಸರಿದನು, 1901ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಕಳೆ ತುಂಬಿದ್ದ ನೆಲವನ್ನು ಹಸನು ಮಾಡಿಕೊಟ್ಟ ಆ ಕುಟುಂಬಗಳಿಗೆ ನೆಲದಲ್ಲಿ ಅಂಗುಲದಷ್ಟೂ ಹಕ್ಕು ಉಳಿಯಲಿಲ್ಲ. ಪಿಂಗ್ರಿಯ ಕೀರ್ತಿಗೆ ಕುಂದು ತರಲು ಈ ಮಾತನ್ನು ಹೇಳುತ್ತಿಲ್ಲ. ಆದರೆ ಹೇಳದೆ ಬಿಟ್ಟರೆ ಇತಿಹಾಸ ಅರ್ಧವಾಗುತ್ತದೆ.

ಮುಂದಿನ ಕಥೆಗೆ ಡೆಟ್ರಾಯ್ಟನ್ನು ಸ್ವಲ್ಪ ಬಿಟ್ಟು ದಕ್ಷಿಣದ ಅಲಬಾಮಾ ಪ್ರಾಂತಕ್ಕೆ ಹೋಗಬೇಕಾಗಿದೆ. ಏಕೆಂದರೆ ಡೆಟ್ರಾಯ್ಟಿನ ತೋಟಗಳು ಎರಡನೆಯ ಬಾರಿ ಚಿಗುರಿದಾಗ ಆ ಕಡೆಯ ಹಳ್ಳಿಗಳ ವಿದ್ಯೆಯೇ ಅವುಗಳಿಗೆ ಬೇರಾಯಿತು.

ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯ ಜನರ ವಿದ್ಯಾಭ್ಯಾಸಕ್ಕಾಗಿ ಬುಕರ್ ಟಿ. ವಾಷಿಂಗ್ಟನ್ ಎಂಬ ಮಹನೀಯನು ಅಲಬಾಮಾದ ಟಸ್ಕಿಗಿಯಲ್ಲಿ 1881ರಿಂದ ಒಂದು ಸಂಸ್ಥೆಯನ್ನು ನಡೆಸುತ್ತಿದ್ದನು. ಅಲ್ಲಿ ಕೃಷಿವಿಜ್ಞಾನವನ್ನು ಬೋಧಿಸುತ್ತಿದ್ದವನು, ತಾನೂ ಗುಲಾಮ ತಾಯಿಯ ಮಗನಾಗಿ ಹುಟ್ಟಿದ್ದ ಜಾರ್ಜ್ ವಾಷಿಂಗ್ಟನ್ ಕಾರ್ವರ್. ಶಾಲೆಗೆ ಬರಲಾರದ ಬಡರೈತರ ಬಳಿಗೆ ಶಾಲೆಯೇ ಹೋಗಬೇಕೆಂದು ಯೋಚಿಸಿ, 1906ರಲ್ಲಿ ಒಂದು ಕುದುರೆಗಾಡಿಯನ್ನು ಸಜ್ಜುಗೊಳಿಸಿದರು. ಹಣ ಕೊಟ್ಟ ಮಾರಿಸ್ ಜೆಸಪ್ ಎಂಬ ನ್ಯೂಯಾರ್ಕಿನ ಸಾಹುಕಾರನ ಹೆಸರನ್ನೇ ಗಾಡಿಗೆ ಇಟ್ಟರು. ಒಳಗೆ ನೇಗಿಲು, ಬೀಜಗಳು, ಬೆಣ್ಣೆ ಕಡೆಯುವ ಯಂತ್ರ ಮುಂತಾದ ಸಾಮಗ್ರಿ. ಗಾಡಿಯ ಜೊತೆ ಊರೂರು ತಿರುಗಿ ಕಲಿಸಿದವನು ಆ ಸಂಸ್ಥೆಯಲ್ಲಿಯೇ ಕಲಿತ ಥಾಮಸ್ ಮನ್ರೋ ಕ್ಯಾಂಪ್‌ಬೆಲ್. ಗಾಡಿ ಯಾರದೋ ಒಂದು ಹೊಲದ ಬದಿಗೆ ನಿಲ್ಲುವುದು, ನೆರೆಹೊರೆಯವರು ನೆರೆಯುವರು, ಉಪನ್ಯಾಸಕ್ಕಿಂತ ಕೆಲಸವೇ ಮುಂದಾಗಿ ಪಾಠ ನಡೆಯುವುದು. 1918ರ ಹೊತ್ತಿಗೆ ಕುದುರೆಗಾಡಿಯ ಸ್ಥಾನದಲ್ಲಿ ಮೋಟಾರು ಲಾರಿ ಬಂದಿತು. ಆಮೇಲೆ ದಾದಿಯೊಬ್ಬಳೂ, ಗೃಹಕೃತ್ಯ ಕಲಿಸುವ ಮಹಿಳೆಯೊಬ್ಬಳೂ ಸೇರಿಕೊಂಡರು. ಮನೆಗೆ ಸುಣ್ಣ ಬಳಿಯುವುದು, ಬಟ್ಟೆ ಹೊಲಿಯುವುದು, ಕೋಳಿ ಸಾಕುವುದು, ಕೂಸಿನ ಆರೈಕೆ, ಹಣ್ಣು ಕಾಯಿಪಲ್ಯಗಳನ್ನು ಕೆಡದಂತೆ ಕಾಯ್ದಿಡುವುದು ಹೀಗೆ ಇಡೀ ಸಂಸಾರಕ್ಕೇ ಶಿಕ್ಷಣ ದೊರೆಯುವಂತಾಯಿತು.

ಕಾಯ್ದಿಡುವ ವಿದ್ಯೆಯ ಬಗೆಗೆ ಒಂದೆರಡು ಮಾತು ಹೆಚ್ಚಾಗಿ ಹೇಳಬೇಕು. ನಮ್ಮ ನಾಡಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಸೊಪ್ಪು ಕಾಯಿ ಸಿಗುವುದರಿಂದ ಇದರ ಮಹತ್ವ ನಮಗೆ ಕೂಡಲೇ ಹೊಳೆಯುವುದಿಲ್ಲ. ಹಿಮ ಬೀಳುವ ದೇಶದಲ್ಲಿ ಬೇಸಗೆಯ ಬೆಳೆಯನ್ನು ಉಳಿಸಿಕೊಳ್ಳಲಾರದವನು ಬೆಳೆದದ್ದರ ಫಲ ಅರ್ಧ ಮಾತ್ರ. ಗಾಜಿನ ಜಾಡಿಗಳಲ್ಲಿ ತುಂಬಿ, ಕಾಯಿಸಿ, ಗಾಳಿಯಾಡದಂತೆ ಮುಚ್ಚಳ ಬಿಗಿಯುವುದು ಅಲ್ಲಿನ ಪದ್ಧತಿ. ಟೊಮ್ಯಾಟೊ, ಹಣ್ಣುಗಳಂಥ ಹುಳಿ ಪದಾರ್ಥಗಳಿಗೆ ಕುದಿಯುವ ನೀರಿನ ಶಾಖ ಸಾಕು. ಹುರುಳಿಕಾಯಿ, ಜೋಳ ಮುಂತಾದ ಹುಳಿಯಿಲ್ಲದವುಗಳಲ್ಲಿ ಒಂದು ಬಗೆಯ ವಿಷಾಣುವಿನ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಸಾಯದೆ, ಗಾಳಿಯಿಲ್ಲದ ಜಾಡಿಯೊಳಗೆ ಚಿಗುರಿ, ಪ್ರಾಣಾಂತಕ ನಂಜನ್ನು ಹುಟ್ಟಿಸುತ್ತವೆ. ಜಾಡಿ ನೋಡಲು ಚೆನ್ನಾಗಿಯೇ ಇರಬಹುದು. ಉಗಿಯನ್ನು ಒತ್ತಡದಲ್ಲಿ ಹಿಡಿದಿಟ್ಟು 115 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಕೊಡುವ ಪಾತ್ರೆಯಲ್ಲಿ ಬೇಯಿಸಿದರೆ ಮಾತ್ರ ಅವು ನಾಶವಾಗುತ್ತವೆ. ಇದು ಅಜ್ಜಿಯಿಂದ ಮೊಮ್ಮಗಳಿಗೆ ತಾನಾಗಿ ಹರಿದು ಬರುವ ತಿಳಿವಳಿಕೆಯಲ್ಲ. ಯಾರಾದರೂ ಮನೆಬಾಗಿಲಿಗೆ ಹೋಗಿ ಕಲಿಸಲೇಬೇಕು. 1914ರಲ್ಲಿ ಅಮೆರಿಕೆಯ ಸಂಸತ್ತು ಸ್ಮಿತ್–ಲೀವರ್ ಕಾಯಿದೆಯನ್ನು ಅಂಗೀಕರಿಸಿ, ಕೃಷಿ ಕಾಲೇಜುಗಳ ಮೂಲಕ ಹಳ್ಳಿಗಳಿಗೆ ಬೋಧಕರನ್ನು ಕಳುಹಿಸುವ ವ್ಯವಸ್ಥೆ ಮಾಡಿದ್ದು ಇಂಥ ಅಗತ್ಯಗಳಿಗಾಗಿಯೇ. ದಕ್ಷಿಣದಲ್ಲಿ ಬಿಳಿಯರಿಗೆ ಬಿಳಿಯ ಬೋಧಕರು, ಕರಿಯರಿಗೆ ಕರಿಯ ಬೋಧಕರು ಎಂಬ ಭೇದ ಅಲ್ಲಿಯೂ ತಪ್ಪಲಿಲ್ಲ; ಹಣದ ಹಂಚಿಕೆಯಲ್ಲಿ ಕರಿಯರ ಪಾಲು ಯಾವಾಗಲೂ ಕಿರಿದಾಗಿಯೇ ಇತ್ತು.

ಇತ್ತ ಮಿಶಿಗನ್ನಿನಲ್ಲಿ ಕಾರ್ಖಾನೆಗಳ ಯುಗ ಬಂದಿತ್ತು. 1929ರ ಮಹಾಕುಸಿತದಲ್ಲಿ ಡೆಟ್ರಾಯ್ಟ್ ಮತ್ತೆ ನೆಲಕಚ್ಚಿದಾಗ ನಗರಸಭೆ ಪುನಃ ತೋಟಗಳನ್ನು ನೆನೆಯಿತು. ಹೆನ್ರಿ ಫೋರ್ಡ್ ಕೂಡ ನೆನೆದನು, ಆದರೆ ತನ್ನದೇ ರೀತಿಯಲ್ಲಿ. 1931ರಲ್ಲಿ ಮಿಶಿಗನ್ನಿನ ಉತ್ತರಭಾಗದ ಐರನ್ ಮೌಂಟನ್ ಎಂಬಲ್ಲಿದ್ದ ತನ್ನ ಕಾರ್ಖಾನೆಯ ಸಂಸಾರವಂದಿಗರೆಲ್ಲ ಮುಂದಿನ ವರ್ಷದಿಂದ ತೋಟ ಮಾಡಲೇಬೇಕು, ಮಾಡದವರಿಗೆ ಕೆಲಸವಿಲ್ಲವೆಂದು ಸಾರಿದನು. ಜನ ಅವನ್ನು 'ಬಂದೂಕಿನ ತೋಟ'ಗಳೆಂದು ಕರೆದರಂತೆ. ಪಿಂಗ್ರಿಯ ಕಾಲದಲ್ಲಿ ಮೂರು ಸಾವಿರ ಮಂದಿ ತಾವಾಗಿ ಬಂದು ಕೇಳಿದ್ದನ್ನೇ ಇಲ್ಲಿ ಬೆದರಿಸಿ ಮಾಡಿಸಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಸರಕಾರವೇ ಕರೆ ಕೊಟ್ಟಾಗ ದೇಶದಾದ್ಯಂತ ಎರಡು ಕೋಟಿಯಷ್ಟು 'ವಿಜಯದ ತೋಟ'ಗಳು ತಲೆಯೆತ್ತಿ, ತಾಜಾ ಕಾಯಿಪಲ್ಯದಲ್ಲಿ ಶೇಕಡಾ 40ರಷ್ಟನ್ನು ಒದಗಿಸಿದವೆಂದು ಅಂದಾಜು. ಯುದ್ಧ ಮುಗಿಯಿತು, ಅವೂ ಮುಗಿದವು.

ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಅನಂತರವೂ ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಲಕ್ಷಾಂತರ ಕರಿಯ ಜನ ಉತ್ತರದ ಕಾರ್ಖಾನೆಗಳಿಗೆ ವಲಸೆ ಹೋದರು. ಡೆಟ್ರಾಯ್ಟಿನ ಮೋಟಾರು ಕಾರ್ಖಾನೆಗಳು ಅವರಲ್ಲಿ ಬಹುಮಂದಿಯನ್ನು ಸೆಳೆದುಕೊಂಡವು. 1950ರಲ್ಲಿ ಹದಿನೆಂಟೂವರೆ ಲಕ್ಷವಿದ್ದ ಆ ನಗರದ ಜನಸಂಖ್ಯೆ ಆ ಬಳಿಕ ಇಳಿಯತೊಡಗಿತು. ಕಾರ್ಖಾನೆಗಳು ಹೊರವಲಯಗಳಿಗೆ ಹೋದವು, ಬಿಳಿಯರು ಅವುಗಳ ಬೆನ್ನಹಿಂದೆ ಹೋದರು. 1967ರ ಜುಲೈ ತಿಂಗಳಿನ ದಂಗೆಯಲ್ಲಿ 43 ಮಂದಿ ಮಡಿದರು. 2020ರ ಗಣತಿಯಲ್ಲಿ ಉಳಿದದ್ದು ಸುಮಾರು 6 ಲಕ್ಷ 39 ಸಾವಿರ ಜನ. ಬೀದಿಗೆ ಬೀದಿಯೇ ಮನೆಗಳು ಪಾಳುಬಿದ್ದು, ಸುಟ್ಟು, ಕೆಡವಲ್ಪಟ್ಟು, ಪಿಂಗ್ರಿಯ ಕಾಲದಲ್ಲಿ ಊರಂಚಿನಲ್ಲಿದ್ದ ಖಾಲಿ ನೆಲ ಈಗ ಊರ ಒಡಲಿನಲ್ಲಿಯೇ ಹರಡಿತು.

ನಗರದ ಮೊದಲ ಕರಿಯ ಮೇಯರ್ ಕೋಲ್ಮನ್ ಯಂಗ್ 1975ರಲ್ಲಿ ಒಂದು ಯೋಜನೆಯನ್ನು ಆರಂಭಿಸಿದನು. ನೆರೆಯ ಖಾಲಿ ನಿವೇಶನದಲ್ಲಿ ತೋಟ ಮಾಡುವವರಿಗೆ ನಗರಸಭೆಯೇ ನೆಲ ಉತ್ತುಕೊಟ್ಟು ಬೀಜ ಒದಗಿಸುವುದು. ಆಗ ಮುಂದೆ ಬಂದವರಲ್ಲಿ ಅನೇಕರು ಅಲಬಾಮಾ, ಜಾರ್ಜಿಯಾ, ಮಿಸಿಸಿಪಿಗಳ ಹಳ್ಳಿಗಳಲ್ಲಿ ಬೆಳೆದಿದ್ದ ಮುದುಕರು, ಮುದುಕಿಯರು. ಅವರು ಬಿಟ್ಟುಬಂದಿದ್ದ ಹೊಲಗಳು ಬಹುಮಟ್ಟಿಗೆ ಭೂಮಾಲಿಕರವು, ಗೇಣಿಗೆ ಹಿಡಿದಂಥವು. ಸಂಗಡ ತಂದುಕೊಂಡದ್ದು ಮಣ್ಣಿನ ತಿಳಿವಳಿಕೆ, ಬೀಜ ಎತ್ತಿಡುವ ಜಾಣ್ಮೆ, ಜಾಡಿ ತುಂಬುವ ಕೈಚಳಕ. ಜೆಸಪ್ ಗಾಡಿಯೂ ಅದರ ತರುವಾಯದ ಬೋಧಕರೂ ತಿರುಗಾಡಿದ ನಾಡಿನವರಿವರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದರೂ ಆ ವಿದ್ಯೆ ಅವರ ಕೈಬಿಟ್ಟಿರಲಿಲ್ಲ. ಆ ನಗರದ ಚಿಂತಕಿ ಗ್ರೇಸ್ ಲೀ ಬಾಗ್ಸ್ (1915–2015), ಆಕೆಯ ಪತಿ, ಅಲಬಾಮಾದಿಂದ ಬಂದು ಮೋಟಾರು ಕಾರ್ಖಾನೆಯಲ್ಲಿ ದುಡಿದ ಜೇಮ್ಸ್ ಬಾಗ್ಸ್ (1919–1993) ಮತ್ತವರ ಗೆಳೆಯರು 1992ರಲ್ಲಿ ತರುಣರಿಗಾಗಿ ಆರಂಭಿಸಿದ 'ಡೆಟ್ರಾಯ್ಟ್ ಬೇಸಗೆ' ಎಂಬ ಕಾರ್ಯಕ್ರಮದಲ್ಲಿ ಈ ಹಿರಿಯರೇ ಗುರುಗಳಾದರು. ಊರಿನ ಹುಡುಗರು ಮುದುಕಿಯರ ಪಕ್ಕದಲ್ಲಿ ಮೊಣಕಾಲೂರಿ ಕಳೆ ಕೀಳುವುದನ್ನು ಕಲಿತರು. ಮಠದ ಪ್ರಸಾದನಿಲಯದಲ್ಲಿದ್ದುಕೊಂಡು, ನಸುಕಿನಲ್ಲೆದ್ದು ಬಾವಿಯ ನೀರು ಸೇದಿ ಬದನೆಯ ಪಾತಿಗೆ ಹಾಯಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಪಾಠಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಇತಿಹಾಸದಲ್ಲಿ ಮಠದವರಾದ ನಮ್ಮನ್ನು ಹೆಚ್ಚಾಗಿ ಸೆಳೆದ ಅಧ್ಯಾಯ ಇನ್ನೊಂದು. ಕಪುಚಿನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠವೊಂದು ಡೆಟ್ರಾಯ್ಟಿನಲ್ಲಿದೆ. 1929ರಲ್ಲಿ ಹಸಿದವರು ಮಠದ ಬಾಗಿಲಿಗೆ ಬಂದು ರೊಟ್ಟಿ ಕೇಳತೊಡಗಿದಾಗ, ಬಾಗಿಲು ಕಾಯುತ್ತಿದ್ದ ಸೊಲೇನಸ್ ಕೇಸಿ ಮತ್ತು ಅಲ್ಲಿನ ಇತರ ಸನ್ಯಾಸಿಗಳು ಅನ್ನದ ಛತ್ರವೊಂದನ್ನು ಆರಂಭಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ದಾಸೋಹ. ಅದು ಇಂದಿಗೂ ನಡೆದುಕೊಂಡು ಬಂದಿದೆ. ಆದರೆ ಎಪ್ಪತ್ತು ವರ್ಷಗಳ ಸಮೀಪಕ್ಕೆ ಬಂದಾಗ ಆ ಸನ್ಯಾಸಿಗಳಲ್ಲೊಬ್ಬರಿಗೆ, ಬಡಿಸುವುದರ ಜೊತೆಗೆ ಬೆಳೆಯುವುದೂ ಬೇಕೆನಿಸಿತು. 1997ರಲ್ಲಿ ಒಂದು ಸಣ್ಣ ತೋಟ ಆರಂಭವಾಯಿತು. ಅದು ಬೆಳೆದು, ಅದರ ಫಸಲು ಛತ್ರದ ಅಡಿಗೆಮನೆಗೂ, ಗಾಜಿನ ಮನೆಯಲ್ಲಿ ಎಬ್ಬಿಸಿದ ಸಸಿಗಳು ನಗರದ ಮನೆಮನೆಯ ತೋಟಗಳಿಗೂ ಹೋಗತೊಡಗಿದವು. ನಿರುದ್ಯೋಗಿಗಳಿಗೆ ಬೇಸಾಯದ ತರಬೇತಿಯನ್ನೂ ಅಲ್ಲಿ ಕೊಟ್ಟರು. ಪಂಕ್ತಿಯಲ್ಲಿ ಕುಳಿತು ಉಂಡವನೇ ಪಂಕ್ತಿಗಾಗಿ ಬೆಳೆಯುವವನೂ ಆಗಬಹುದಾದ ಈ ಏರ್ಪಾಟನ್ನು ಕುರಿತು ನಮ್ಮ ಮಠಗಳಲ್ಲಿ ದಾಸೋಹ ನಡೆಸುವವರು ಯೋಚಿಸಲೆಂದು ನಮ್ಮ ಬಯಕೆ.

2003ರ ಸುಮಾರಿಗೆ ನಗರದ ತೋಟಗಳಿಗೆಲ್ಲ ಬೀಜ, ಸಸಿ, ಪಾಠಗಳನ್ನು ಒದಗಿಸುವ ಒಕ್ಕೂಟವೊಂದು ರೂಪುಗೊಂಡಿತು; ಈಗ ಅದರ ಆಶ್ರಯದಲ್ಲಿ ಸಾವಿರಕ್ಕೂ ಮಿಕ್ಕ ತೋಟಗಳಿವೆ. ಅದರ ಮೊದಲ ಪಾಠ ಬಿತ್ತನೆಯದಲ್ಲ, ಮಣ್ಣಿನ ಪರೀಕ್ಷೆಯದು. ಕೆಡವಿದ ಹಳೆಯ ಮನೆಗಳ ಬಣ್ಣದಲ್ಲಿಯೂ, ಹಿಂದಿನ ಕಾಲದ ಮೋಟಾರು ಹೊಗೆಯಲ್ಲಿಯೂ ಸೀಸವಿತ್ತು. ಅದು ಮಣ್ಣಿನಲ್ಲಿ ಸೇರಿ ದಶಕಗಳ ಕಾಲ ಹೋಗದೆ ಉಳಿಯುತ್ತದೆ, ಎಳೆಯ ಮಕ್ಕಳ ಮೆದುಳಿಗೆ ಕೇಡು ಮಾಡುತ್ತದೆ. ಪರೀಕ್ಷೆಯಲ್ಲಿ ಸೀಸ ಕಂಡುಬಂದರೆ ಹಲಗೆಗಳನ್ನು ಕಟ್ಟಿ, ಹೊರಗಿನ ಒಳ್ಳೆಯ ಮಣ್ಣು ಗೊಬ್ಬರ ತುಂಬಿ, ಎತ್ತರದ ಪಾತಿಗಳಲ್ಲಿ ಬೆಳೆಯಬೇಕು. ಪಿಂಗ್ರಿಯ ಪೋಲಿಷ್ ಒಕ್ಕಲಿಗರು ಕಂಡರಿಯದ ಕಷ್ಟವಿದು.

ನೆಲದ ಪ್ರಶ್ನೆ ಮಾತ್ರ ಹಳೆಯದೇ. ಪಾಳುನಿವೇಶನಗಳಲ್ಲಿ ಬಹುಪಾಲು ತೆರಿಗೆಬಾಕಿಯಿಂದಾಗಿ ಸಾರ್ವಜನಿಕ ಒಡೆತನಕ್ಕೆ ಬಂದಿದ್ದವು. ತೋಟಿಗರು ಕೇಳಿಯೋ ಕೇಳದೆಯೋ ಅವುಗಳಲ್ಲಿ ಬಿತ್ತುತ್ತಿದ್ದರು. 2012ರ ಡಿಸೆಂಬರ್‌ನಲ್ಲಿ ನಗರಸಭೆಯು ಸುಮಾರು 1,500 ನಿವೇಶನಗಳನ್ನು, ಒಂದೊಂದಕ್ಕೆ ಸುಮಾರು 300 ಡಾಲರಿನಂತೆ, ಮರ ಬೆಳೆಸುವ ಯೋಜನೆಗಾಗಿ ಒಬ್ಬ ಧನಿಕನ ಸಂಸ್ಥೆಗೆ ಮಾರಲು 5–4 ಮತಗಳಿಂದ ಒಪ್ಪಿತು. ಪಕ್ಕದ ಒಂದೇ ಒಂದು ನಿವೇಶನವನ್ನು ಕೊಳ್ಳಲು ವರ್ಷಗಳಿಂದ ಕಚೇರಿಗೆ ಅಲೆದಿದ್ದ ತೋಟಿಗರಿಗೆ ಇದು ನುಂಗಲಾರದ ತುತ್ತಾಯಿತು. ಪಾಳುನೆಲ ಹಸನಾಗುತ್ತದೆ, ನೆರೆಯ ಮನೆಗಳ ಬೆಲೆಯೂ ಏರುತ್ತದೆ ಎಂಬ ಪರವಾದ ವಾದವೂ ಇತ್ತು, ಅದನ್ನು ತೀರ ಸುಳ್ಳೆನ್ನಲಾಗದು. ಆದರೂ ನಮ್ಮ ಮನಸ್ಸು ಅಲೆದವರ ಕಡೆಗೇ ವಾಲುತ್ತದೆ. ಮರುವರ್ಷ, 2013ರಲ್ಲಿ, ನಗರದೊಳಗಿನ ಬೇಸಾಯವನ್ನು ಕಾನೂನುಸಮ್ಮತಗೊಳಿಸುವ ನಿಬಂಧನೆ ಹೊರಬಂದಿತು. ನಗರವೇ ದಿವಾಳಿ ಘೋಷಿಸಿಕೊಂಡ ವರ್ಷವದು. ಬೆಳೆಯಲು ಅನುಮತಿ ದೊರೆಯಿತು. ಒಡೆತನದ ಮಾತು ಹಾಗೆಯೇ ಉಳಿಯಿತು.

2020ರ ಜೂನ್ ತಿಂಗಳಲ್ಲಿ, ಗುಲಾಮಗಿರಿಯ ಅಂತ್ಯವನ್ನು ನೆನೆಯುವ ದಿನದಂದು, ಡೆಟ್ರಾಯ್ಟಿನ ಮೂರು ಸಂಸ್ಥೆಗಳು ಕೂಡಿ ಒಂದು ನಿಧಿಯನ್ನು ಸ್ಥಾಪಿಸಿದವು. ವರ್ಷಗಳಿಂದ ಉತ್ತು ಬಿತ್ತಿದ ಕರಿಯ ರೈತರು ಆ ನೆಲವನ್ನು ಕ್ರಯಕ್ಕೆ ಕೊಂಡು ಪತ್ರ ಮಾಡಿಸಿಕೊಳ್ಳಲು ನೆರವಾಗುವುದು ಅದರ ಉದ್ದೇಶ. ಸಾರ್ವಜನಿಕರು ಕೊಟ್ಟ ಸಣ್ಣಪುಟ್ಟ ವಂತಿಗೆಗಳಿಂದ ಆ ನಿಧಿ ಬೆಳೆಯಿತು. 1894ರ 945 ಕುಟುಂಬಗಳಿಗೆ ದೊರೆತದ್ದು ಒಂದು ಹಂಗಾಮಿನ ಒಪ್ಪಿಗೆ. ಈಗ ಅದೇ ನಗರದ ಕೆಲವು ತೋಟಗಳ ಕ್ರಯಪತ್ರಗಳಲ್ಲಿ ಅಲ್ಲಿ ಬಿತ್ತಿದವರ ಹೆಸರಿದೆ.